ಯುದ್ಧಕ್ರೀಡೆಯಲ್ಲಿ ಕೊರಿಯದ ಪದಾತಿವ್ಯೂಹಗಳು: ಒಂದು ಪರಿಶೀಲನೆ

೧

ಯುದ್ಧವನ್ನು ಹಲಗೆಯ ಮೇಲೆ ಆಡಿ ನೋಡುವ ಅಭ್ಯಾಸ ಬಹು ಪ್ರಾಚೀನವಾದುದು. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಅರುವತ್ತನಾಲ್ಕು ಮನೆಗಳಲ್ಲಿ ನಡೆಯಿಸುವ ಚತುರಂಗವು ಭಾರತದಲ್ಲಿ ಹುಟ್ಟಿ ಪೂರ್ವಪಶ್ಚಿಮಗಳೆರಡಕ್ಕೂ ಹಬ್ಬಿತೆಂಬುದು ಬಹುಪಾಲು ವಿದ್ವಾಂಸರ ಮತ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನು ರಾಜನ ವಿನೋದಗಳಲ್ಲಿ ಒಂದಾಗಿ ವರ್ಣಿಸಿದ್ದಾನೆ. ಇದೇ ಕುಟುಂಬಕ್ಕೆ ಸೇರಿದ ‘ಜಾಂಗ್ಗಿ’ ಎಂಬ ಆಟವನ್ನು ಕೊರಿಯದ ಜನ ಇಂದಿಗೂ ಆಡುತ್ತಾರೆ. ಅದರಲ್ಲಿ ಪ್ರತಿಯೊಂದು ಪಕ್ಷಕ್ಕೂ ಐದು ಕಾಲಾಳುಗಳುಂಟು. ಆನೆಯುಂಟು, ರಥವುಂಟು, ಫಿರಂಗಿಯೂ ಉಂಟು. ಆದರೆ ಆ ಎರಡು ಪಕ್ಷಗಳ ಹೆಸರು ಹಾನ್ ಮತ್ತು ಚು. ಇವು ಪ್ರಾಚೀನ ಚೀನದಲ್ಲಿ ಪರಸ್ಪರ ಹೋರಾಡಿದ ಎರಡು ರಾಜ್ಯಗಳು. ಹೀಗೆ, ಕೊರಿಯದವರು ತಲೆಮಾರುಗಳಿಂದ ಆಡುತ್ತ ಬಂದಿರುವ ಯುದ್ಧದ ಹಲಗೆಯ ಮೇಲೆ ಕೊರಿಯದ ಸೇನೆಗೆ ಮಾತ್ರ ಸ್ಥಾನವಿಲ್ಲ ಎಂಬುದು ಗಮನಾರ್ಹವಾದ ಸಂಗತಿ.

ಕೊರಿಯದ ಸೇನೆಗೆ ಆ ಸ್ಥಾನ ದೊರೆತುದು ತೀರ ಈಚೆಗೆ, ಅದೂ ದೂರದ ದೇಶವೊಂದರಲ್ಲಿ. ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ೧೮೨೪ರಲ್ಲಿ ಪ್ರಕಟಿಸಿದ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧಕ್ರೀಡೆಯಲ್ಲಿ, ಅಳತೆಗೆ ತಕ್ಕ ನಕ್ಷೆಯ ಮೇಲೆ ಸಣ್ಣ ತುಂಡುಗಳನ್ನು ನಡೆಯಿಸಿ ದಾಳದ ಸಹಾಯದಿಂದ ಕಾದಾಟದ ಫಲವನ್ನು ನಿರ್ಣಯಿಸುತ್ತಿದ್ದರು. ಅದು ಅಧಿಕಾರಿಗಳ ಶಿಕ್ಷಣಕ್ಕಾಗಿ ರಚಿತವಾದುದು. ಎಚ್. ಜಿ. ವೆಲ್ಸ್ ೧೯೧೩ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಸೀಸದ ಬೊಂಬೆಗಳ ಸೇನೆಯನ್ನು ಮನೆಯ ನೆಲದ ಮೇಲೆ ನಡೆಯಿಸುವ ಆಟವನ್ನು ಸಾಮಾನ್ಯರಿಗೆ ಪರಿಚಯಿಸಿದನು. ೧೯೬೯ರಲ್ಲಿ ಇಂಗ್ಲೆಂಡಿನಲ್ಲಿ ಫಿಲ್ ಬಾರ್ಕರ್ ಮೊದಲಾದವರು ‘ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್’ ಎಂಬ ಹೆಸರಿನಲ್ಲಿ ಪ್ರಾಚೀನ ಯುದ್ಧಗಳ ನಿಯಮಾವಳಿಗಳನ್ನು ಪ್ರಕಟಿಸತೊಡಗಿದರು. ರೋಮ್, ಪಾರಸಿಕ, ಚೀನ, ಭಾರತಗಳ ಸೇನೆಗಳ ಜೊತೆಗೆ ಕೊರಿಯದ ಸೇನೆಗಳೂ ಆಟದ ಮೇಜನ್ನು ಏರಿದುದು ಈ ಪರಂಪರೆಯಲ್ಲಿಯೇ.

ಇದು ಹವ್ಯಾಸಿಗಳ ವಿನೋದ, ಇತಿಹಾಸದ ವಿದ್ಯಾರ್ಥಿಗೆ ಇದರಿಂದೇನು ಎಂದು ಕೇಳಬಹುದು. ಆದರೆ ಸೇನೆಯೊಂದನ್ನು ಮೇಜಿನ ಮೇಲೆ ನಿಲ್ಲಿಸುವವನು ಆ ಸೇನೆಯ ವಿಷಯದಲ್ಲಿ ಒಂದು ತೀರ್ಪನ್ನು ಕೊಡಲೇಬೇಕಾಗುತ್ತದೆ: ಅದರಲ್ಲಿ ಯಾರಿದ್ದರು, ಎಷ್ಟು ಮಂದಿ ಇದ್ದರು, ಹೇಗೆ ನಿಂತರು, ಎಷ್ಟು ಹೊತ್ತು ನಿಂತರು. ಗ್ರಂಥಕರ್ತನು ‘ಸಂದಿಗ್ಧವಾಗಿದೆ’ ಎಂದು ಬರೆದು ಮುಂದೆ ಸಾಗಬಹುದು. ನಿಯಮಾವಳಿಯ ಕರ್ತೃವಿಗೆ ಆ ಅನುಕೂಲವಿಲ್ಲ, ಅವನು ಒಂದು ಅಂಕಿಯನ್ನು ಬರೆಯಲೇಬೇಕು. ಆದುದರಿಂದ ಯುದ್ಧಕ್ರೀಡೆಯ ಸೇನಾಪಟ್ಟಿಯೂ ಒಂದು ಬಗೆಯ ಇತಿಹಾಸಲೇಖನವೇ. ಕೊರಿಯದ ಪದಾತಿವ್ಯೂಹಗಳ ವಿಷಯದಲ್ಲಿ ಆ ಲೇಖನ ಎಷ್ಟರಮಟ್ಟಿಗೆ ಸಾಧುವಾಗಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಮೇಜಿನ ಮೇಲಿನ ಸೇನೆಯ ರಚನೆಯನ್ನು ತಿಳಿಯಬೇಕು. ಇಂದು ಬಳಕೆಯಲ್ಲಿರುವ ಹಲವು ನಿಯಮಾವಳಿಗಳಲ್ಲಿ ಬಿಡಿ ಬೊಂಬೆಗಿಂತ ಅದನ್ನು ಅಂಟಿಸಿರುವ ಪೀಠವೇ ಮುಖ್ಯ. ೧೯೯೦ರಲ್ಲಿ ಪ್ರಕಟವಾದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ನಿಯಮಾವಳಿಯಲ್ಲಿ ಒಂದು ಸೇನೆಗೆ ಹನ್ನೆರಡೇ ಪೀಠಗಳು. ಎಲ್ಲ ಪೀಠಗಳ ಅಗಲವೂ ಒಂದೇ. ಅವುಗಳ ಮೇಲೆ ನಿಲ್ಲುವ ಬೊಂಬೆಗಳ ಸಂಖ್ಯೆ ಮಾತ್ರ ಬೇರೆ ಬೇರೆ. ನಾಲ್ಕು ಕಾಲಾಳುಗಳಿದ್ದರೆ ಅದು ಒತ್ತೊತ್ತಾಗಿ ನಿಲ್ಲುವ ಪದಾತಿ. ಮೂರಿದ್ದರೆ ಸಡಿಲವಾಗಿ ನಿಲ್ಲುವ ಪದಾತಿ. ಎರಡಿದ್ದರೆ ಚದುರಿ ಹೋರಾಡುವ ಲಘು ಪದಾತಿ. ಈ ಪೀಠಗಳನ್ನು ಈಟಿ, ಕತ್ತಿ, ಬಿಲ್ಲು, ಸಹಾಯಕಪಡೆ ಮುಂತಾದ ವರ್ಗಗಳಾಗಿ ವಿಂಗಡಿಸಲಾಗಿದೆ. ಆಯುಧದ ಹೆಸರನ್ನು ಹೊತ್ತಿದ್ದರೂ ಈ ವರ್ಗಗಳು ವಸ್ತುತಃ ನಡವಳಿಕೆಯನ್ನು ಸೂಚಿಸುತ್ತವೆ: ಯಾರು ಸ್ಥಿರವಾಗಿ ನಿಲ್ಲುವರು, ಯಾರು ನುಗ್ಗುವರು, ಯಾರು ದೂರದಿಂದ ಕೊಲ್ಲುವರು ಎಂಬುದೇ ಅವುಗಳ ತಾತ್ಪರ್ಯ.

ಇದರ ಬಳಿಕ ಪ್ರಕಟವಾದ ವಿಸ್ತೃತ ನಿಯಮಾವಳಿಗಳಲ್ಲಿ ವರ್ಗದ ಜೊತೆಗೆ ದರ್ಜೆಯೂ ಬಂದಿತು. ‘ಡಿ ಬೆಲ್ಲಿಸ್ ಮಲ್ಟಿಟ್ಯೂಡಿನಿಸ್’ನಲ್ಲಿ ಉತ್ತಮ, ಸಾಮಾನ್ಯ, ಕೀಳು ಎಂಬ ವಿಭಾಗಗಳಿದ್ದರೆ, ೨೦೦೮ರಲ್ಲಿ ಹೊರಬಂದ ‘ಫೀಲ್ಡ್ ಆಫ್ ಗ್ಲೋರಿ’ಯಲ್ಲಿ ಶ್ರೇಷ್ಠದಿಂದ ಕಳಪೆಯವರೆಗೆ ನಾಲ್ಕು ಮೆಟ್ಟಿಲುಗಳಿವೆ. ಪ್ರತಿಯೊಂದು ದರ್ಜೆಗೂ ಒಂದು ಬೆಲೆ. ಎದುರಾಳಿಗಳಿಬ್ಬರೂ ಸಮಾನ ಬೆಲೆಯ ಸೇನೆಗಳನ್ನು ಕೊಂಡು ಆಟಕ್ಕೆ ಕೂಡುತ್ತಾರೆ. ಯಾವ ರಾಜ್ಯದ ಸೇನೆಯಲ್ಲಿ ಯಾವ ವರ್ಗದವರು ಕನಿಷ್ಠ ಎಷ್ಟಿರಬೇಕು, ಗರಿಷ್ಠ ಎಷ್ಟಿರಬಹುದು ಎಂಬುದನ್ನು ಸೇನಾಪಟ್ಟಿ ವಿಧಿಸುತ್ತದೆ. ಕೊರಿಯಕ್ಕೆ ಸಂಬಂಧಿಸಿದ ಪಟ್ಟಿಗಳು ರಾಜವಂಶಗಳನ್ನು ಅನುಸರಿಸಿವೆ: ಪ್ರಾಚೀನ ತ್ರಿರಾಜ್ಯಗಳು, ಅನಂತರ ಗೊರ್ಯೊ, ಅನಂತರ ೧೩೯೨ರಲ್ಲಿ ಸ್ಥಾಪಿತವಾದ ಯೀ ವಂಶದ ಜೊಸೊನ್ ರಾಜ್ಯ.

ಈ ಪದ್ಧತಿಗೆ ಅದರದೇ ಆದ ಗುಣಗಳುಂಟು. ಪ್ರತಿಯೊಂದು ಸರದಿಯಲ್ಲಿಯೂ ಆಟಗಾರನು ದಾಳವನ್ನು ಹಾಕಿ, ಬಿದ್ದ ಅಂಕಿಯಷ್ಟೇ ಆಜ್ಞೆಗಳನ್ನು ಕೊಡಬಲ್ಲನು. ಸೇನಾಪತಿಯ ಇಚ್ಛೆಗೂ ಸೈನಿಕನ ಹೆಜ್ಜೆಗೂ ನಡುವೆ ಇರುವ ಅಂತರವನ್ನು ಇಷ್ಟು ಸರಳವಾಗಿ ತೋರಿಸುವ ಉಪಾಯ ಬೇರೆ ಇಲ್ಲ. ಆದರೆ ಇದರ ಮೂಲಭಾವನೆಯನ್ನು ಮರೆಯಲಾಗದು: ಒಂದು ಪೀಠದ ಮೇಲಿರುವವರೆಲ್ಲರೂ ಒಂದೇ ಬಗೆಯವರು, ಮತ್ತು ಅವರ ಯೋಗ್ಯತೆ ಯುದ್ಧಕ್ಕೆ ಮೊದಲೇ ನಿರ್ಧರಿತವಾದುದು. ಕೊರಿಯದ ಪದಾತಿಯ ವಿಷಯದಲ್ಲಿ ಈ ಎರಡು ಭಾವನೆಗಳೂ ತೊಡಕಿಗೆ ಸಿಕ್ಕುತ್ತವೆ.

೩

ಜೊಸೊನ್ ರಾಜ್ಯದ ಪೂರ್ವಾರ್ಧದ ಸೇನಾವಿನ್ಯಾಸವನ್ನು ತಿಳಿಯಲು ಮುಖ್ಯ ಆಧಾರ ‘ಜಿನ್‌ಬೊಪ್’, ಎಂದರೆ ‘ವ್ಯೂಹವಿಧಿ’, ಎಂಬ ಕೈಪಿಡಿ. ಇದು ೧೪೫೧ರಲ್ಲಿ, ರಾಜ ಮುಂಜೊಂಗನ ಆಳ್ವಿಕೆಯಲ್ಲಿ ಸಿದ್ಧವಾಯಿತು. ಮುಂದೆ ಸೆಜೊ ಎಂಬ ಹೆಸರಿನಿಂದ ಪಟ್ಟವೇರಿದ ರಾಜಕುಮಾರ ಸುಯಾಂಗನಿಗೂ ಇದರ ರಚನೆಯಲ್ಲಿ ಪಾಲಿತ್ತು. ‘ಐದು ಕಾವಲುಪಡೆಗಳು’ ಎಂಬ ಅರ್ಥದ ‘ಒವಿ’ ವ್ಯವಸ್ಥೆ ಸೆಜೊನ ಕಾಲದಲ್ಲಿ, ೧೪೫೭ರಲ್ಲಿ, ಪೂರ್ಣರೂಪವನ್ನು ಪಡೆಯಿತು.

ಈ ವ್ಯೂಹವಿಧಿಯಲ್ಲಿ ಐದೆಂಬ ಸಂಖ್ಯೆಗೆ ಪ್ರಾಧಾನ್ಯ. ಐವರು ಸೈನಿಕರು ಸೇರಿದರೆ ಒಂದು ‘ಒ’. ಅಂತಹ ಐದು ಸೇರಿದರೆ ಇಪ್ಪತ್ತೈದು ಮಂದಿಯ ‘ತೆ’. ಅಂತಹ ಐದು ಸೇರಿದರೆ ನೂರಿಪ್ಪತ್ತೈದು ಮಂದಿಯ ‘ಯೊ’. ಮೇಲಿನಿಂದ ನೋಡಿದರೆ, ಇಡೀ ಸೇನೆ ಐದು ‘ವಿ’ಗಳಾಗಿಯೂ, ಪ್ರತಿಯೊಂದು ‘ವಿ’ ಐದು ‘ಬು’ಗಳಾಗಿಯೂ, ಪ್ರತಿಯೊಂದು ‘ಬು’ ನಾಲ್ಕು ‘ತೊಂಗ್’ಗಳಾಗಿಯೂ ವಿಭಾಗಗೊಳ್ಳುತ್ತಿತ್ತು. ಒಟ್ಟು ನೂರು ತೊಂಗ್‌ಗಳು. ಒಂದು ‘ಬು’ವಿನ ನಾಲ್ಕು ತೊಂಗ್‌ಗಳಲ್ಲಿ ಎರಡು ಅಶ್ವದಳ, ಎರಡು ಪದಾತಿ; ಆ ಎರಡರಲ್ಲಿಯೂ ಒಂದು ಮುಂದೆ ಹೋಗಿ ಕಾದುವುದು, ಮತ್ತೊಂದು ತನ್ನ ಸ್ಥಾನವನ್ನು ಬಿಡದೆ ಕಾಯುವುದು. ಚೌಕ, ವೃತ್ತ, ನೇರ, ವಕ್ರ, ಮೊನೆ ಎಂಬ ಐದು ಆಕೃತಿಗಳಲ್ಲಿ ಸೇನೆ ನಿಲ್ಲಬಹುದಾಗಿತ್ತು. ಈ ಆಕೃತಿಗಳಿಗೂ ಚೀನೀ ತತ್ತ್ವಶಾಸ್ತ್ರದ ಪಂಚಭೂತಗಳಿಗೂ ಸಂಬಂಧವನ್ನು ಕಲ್ಪಿಸಿದ್ದರು. ಚಕ್ರ, ಪದ್ಮ, ಕ್ರೌಂಚಾದಿ ವ್ಯೂಹಗಳ ಹೆಸರನ್ನು ಕೇಳಿ ಬಲ್ಲ ನಮ್ಮ ಓದುಗರಿಗೆ ಈ ಬಗೆಯ ಕಲ್ಪನೆ ಹೊಸದೆನಿಸಲಾರದು. ಆದರೆ ಜಿನ್‌ಬೊಪ್‌ನ ಹೆಚ್ಚುಗಾರಿಕೆಯಿರುವುದು ಆಕೃತಿಗಳಲ್ಲಲ್ಲ. ಒಂದು ಆಕೃತಿಯಿಂದ ಇನ್ನೊಂದಕ್ಕೆ ಸೇನೆ ಬದಲಾಗುವಾಗ ಯಾವ ಧ್ವಜ ಬಾಗಬೇಕು, ಯಾವ ಭೇರಿ ಮೊಳಗಬೇಕು, ಯಾವ ಜಾಗಟೆಗೆ ನಿಲ್ಲಬೇಕು ಎಂಬುದನ್ನು ಅದು ಕ್ರಮವಾಗಿ ನಿರೂಪಿಸಿದೆ.

ಪದಾತಿಯಲ್ಲಿ ಐದು ಬಗೆಯವರಿದ್ದರು: ಗುರಾಣಿಯವರು, ಕೈಫಿರಂಗಿಯವರು, ಈಟಿಯವರು, ಉದ್ದಗತ್ತಿಯವರು, ಬಿಲ್ಲಾಳುಗಳು. ಗುರಾಣಿಯವರು ಎಲ್ಲರಿಗಿಂತ ಮುಂದೆ, ಬಿಲ್ಲಾಳುಗಳು ಹಿಂದೆ. ಗುರಾಣಿಯ ಮರೆಯಿಂದ ಕೈಫಿರಂಗಿ ಸಿಡಿಯಬೇಕು. ಶತ್ರುವಿನ ಕುದುರೆ ಹತ್ತಿರ ಬಂದಾಗ ಈಟಿ ತಡೆಯಬೇಕು. ಒಳನುಗ್ಗಿದವನನ್ನು ಕತ್ತಿ ಕಡಿಯಬೇಕು. ಇವೆಲ್ಲವೂ ನಡೆಯುತ್ತಿರುವಾಗ ಹಿಂದಿನಿಂದ ಬಾಣಗಳು ಸುರಿಯುತ್ತಿರಬೇಕು. ಒಂದರ ಕೊರತೆಯನ್ನು ಮತ್ತೊಂದು ತುಂಬುವುದೇ ಈ ವಿನ್ಯಾಸದ ಮರ್ಮ.

ಇದನ್ನು ಹನ್ನೆರಡು ಪೀಠಗಳ ಸೇನೆಯಾಗಿ ಮಾರ್ಪಡಿಸಿದರೆ ಏನಾಗುವುದು? ನೂರು ತೊಂಗ್‌ಗಳನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಪೀಠ ಎಂಟಕ್ಕಿಂತ ಹೆಚ್ಚು ತೊಂಗ್‌ಗಳಿಗೆ ಸಮನಾಗುತ್ತದೆ. ಆ ಎಂಟರಲ್ಲಿ ಕುದುರೆಯೂ ಉಂಟು, ಕಾಲಾಳೂ ಉಂಟು. ಕಾದುವವರೂ ಉಂಟು, ಕಾಯುವವರೂ ಉಂಟು. ಆದರೆ ಪೀಠಕ್ಕೆ ಇರುವುದು ಒಂದೇ ವರ್ಗ. ಆದುದರಿಂದ ಕರ್ತೃವು ಮೂಲದಲ್ಲಿ ಹೆಣೆದುಕೊಂಡಿದ್ದುದನ್ನು ಬಿಡಿಸಿ, ಬಿಲ್ಲಾಳುಗಳನ್ನು ಒಂದು ಪೀಠದ ಮೇಲೂ, ಈಟಿಯವರನ್ನು ಇನ್ನೊಂದರ ಮೇಲೂ, ರಾವುತರನ್ನು ಮತ್ತೊಂದರ ಮೇಲೂ ಇಡುವನು. ಮೇಜಿನ ಮೇಲೆ ಐದೂ ಆಯುಧಗಳು ಕಾಣುತ್ತವೆ. ಅವುಗಳ ಪರಸ್ಪರ ಸಂಬಂಧ ಕಾಣುವುದಿಲ್ಲ. ಗುರಾಣಿಯ ಮರೆಯನ್ನು ಕಳೆದುಕೊಂಡ ಬಿಲ್ಲಾಳು ತೆರೆದ ಬಯಲಿನಲ್ಲಿ ಕುದುರೆಗೆ ಸಿಕ್ಕಿ ಸಾಯುವನು. ಆಟಗಾರನು ಇದನ್ನು ನೋಡಿ, ಕೊರಿಯದ ಪದಾತಿ ದುರ್ಬಲವಾಗಿತ್ತೆಂದು ತೀರ್ಮಾನಿಸುವನು. ವಾಸ್ತವವಾಗಿ ದುರ್ಬಲವಾದುದು ಅನುವಾದ.

೪

ಆದರೆ ಕೊರಿಯದ ಪದಾತಿಯ ಅಪಕೀರ್ತಿಗೆ ಪೀಠವೊಂದೇ ಕಾರಣವಲ್ಲ. ಇತಿಹಾಸದಲ್ಲಿಯೂ ಅದಕ್ಕೆ ಆಧಾರವಿದೆ. ೧೫೯೨ರ ಮೇ ತಿಂಗಳಿನಲ್ಲಿ ಜಪಾನಿನ ಟೊಯೊಟೊಮಿ ಹಿದೆಯೋಶಿಯ ಸೇನೆ ಬುಸಾನಿನ ತೀರಕ್ಕೆ ಇಳಿಯಿತು. ಸುಮಾರು ಇಪ್ಪತ್ತು ದಿನಗಳಲ್ಲಿ ರಾಜಧಾನಿ ಹಾನ್‌ಸೊಂಗ್, ಎಂದರೆ ಈಗಿನ ಸಿಯೋಲ್, ಅದರ ವಶವಾಯಿತು. ಜೂನ್ ೭ರಂದು ಚುಂಗ್‌ಜು ಪಟ್ಟಣದ ಬಳಿಯ ತಾಂಗುಮ್‌ದೆ ಎಂಬಲ್ಲಿ ಸೇನಾಪತಿ ಸಿನ್ ರಿಪ್ ನದಿಯನ್ನು ಬೆನ್ನಿಗಿಟ್ಟುಕೊಂಡು ಹೋರಾಡಿ, ಸೇನೆಯೊಡನೆ ತಾನೂ ನಾಶವಾದನು. ಆ ಕಾಲದ ಮಂತ್ರಿ ಯು ಸೊಂಗ್‌ನ್ಯೊಂಗ್ ತನ್ನ ‘ಜಿಂಗ್‌ಬಿರೊಕ್’ ಎಂಬ ಸ್ಮರಣಗ್ರಂಥದಲ್ಲಿ ಈ ದುರಂತವನ್ನು ವಿವರಿಸಿದ್ದಾನೆ. ಈ ಯುದ್ಧವನ್ನು ಆಧರಿಸಿದ ಆಟಗಳಲ್ಲಿ ಕೊರಿಯದ ಕಾಲಾಳಿಗೆ ಕೀಳು ದರ್ಜೆಯನ್ನು ಕೊಡುವವರು ಈ ಸೋಲನ್ನೇ ಸಾಕ್ಷ್ಯವಾಗಿ ಮುಂದಿಡುವುದು ಸಹಜ.

ಆ ಸಾಕ್ಷ್ಯವನ್ನು ಬಿಡಿಸಿ ನೋಡಬೇಕು. ಸಿನ್ ರಿಪ್ ಉತ್ತರದ ಗಡಿಯಲ್ಲಿ, ೧೫೮೩ರಲ್ಲಿ, ಜುರ್ಚೆನ್ನರ ವಿರುದ್ಧ ಕುದುರೆಯ ಸೇನೆಯನ್ನು ನಡೆಯಿಸಿ ಹೆಸರು ಪಡೆದವನು. ತೆಂಕಣ ಕಣಿವೆಯ ದಾರಿಯನ್ನು ಹಿಡಿದು ಶತ್ರುವನ್ನು ತಡೆಯುವುದನ್ನು ಬಿಟ್ಟು, ಅವನು ತನ್ನ ರಾವುತರಿಗೆ ಅನುಕೂಲವೆಂದು ಬಯಲನ್ನು ಆರಿಸಿಕೊಂಡನು. ಆದರೆ ಆ ಬಯಲು ಬತ್ತದ ಗದ್ದೆಗಳಿಂದ ಕೂಡಿ ಕುದುರೆಯ ಕಾಲು ಹೂಳುವಂತಿತ್ತು. ಚುಂಗ್‌ಜುವಿನ ಸೋಲು ಮುಖ್ಯವಾಗಿ ಅಶ್ವದಳದ ಸೋಲು, ಸ್ಥಳನಿರ್ಣಯದ ಸೋಲು. ಪದಾತಿವ್ಯೂಹದ ಯೋಗ್ಯತೆಯ ವಿಷಯದಲ್ಲಿ ಅದು ಹೇಳುವುದು ಅತ್ಯಲ್ಪ.

ಅದಕ್ಕೆ ಕೆಲವೇ ದಿನಗಳ ಮೊದಲು ನಡೆದ ಇನ್ನೊಂದು ಘಟನೆ ಇದಕ್ಕಿಂತ ಬೋಧಪ್ರದವಾದುದು. ಆಗ ರೂಢಿಯಲ್ಲಿದ್ದ ಏರ್ಪಾಟಿನಂತೆ, ಯುದ್ಧ ಒದಗಿದಾಗ ಪ್ರಾಂತದ ಸೈನಿಕರು ಗೊತ್ತಾದ ಒಂದು ಸ್ಥಳದಲ್ಲಿ ಸೇರಿ, ರಾಜಧಾನಿಯಿಂದ ಬರುವ ಸೇನಾಪತಿಗಾಗಿ ಕಾದಿರಬೇಕು. ದಕ್ಷಿಣಪ್ರಾಂತದ ಸೈನಿಕರು ತೆಗು ಪಟ್ಟಣದ ಬಳಿ ಹೀಗೆ ಸೇರಿದರು. ಸೇನಾಪತಿ ಯೀ ಇಲ್ ಬರುವ ಮೊದಲೇ ಶತ್ರು ಹತ್ತಿರ ಬಂದ ಸುದ್ದಿ ಬಂದಿತು. ಒಡೆಯನಿಲ್ಲದ ಸೇನೆ ಚದುರಿಹೋಯಿತು. ಯೀ ಇಲ್ ಸಾಂಗ್‌ಜುವಿನಲ್ಲಿ ಕೈಗೆ ಸಿಕ್ಕಿದ ಜನರನ್ನು ಕೂಡಿಸಿಕೊಂಡು ಯುದ್ಧಕ್ಕೆ ನಿಲ್ಲಬೇಕಾಯಿತು. ಒ, ತೆ, ಯೊಗಳಾಗಿ ಒಟ್ಟಿಗೆ ಅಭ್ಯಾಸಮಾಡದ ಜನರಿಗೆ ಧ್ವಜದ ಭಾಷೆ ತಿಳಿಯದು, ಪಕ್ಕದವನ ಗುರಾಣಿಯ ಮೇಲೆ ನಂಬಿಕೆ ಇರದು. ೧೪೫೧ರ ವ್ಯೂಹವಿಧಿ ೧೫೯೨ರಲ್ಲಿ ಸೋತಿತು ಎನ್ನುವುದಕ್ಕಿಂತ, ೧೫೯೨ರಲ್ಲಿ ಆ ವಿಧಿಯನ್ನು ಅನುಸರಿಸಬಲ್ಲ ಸೇನೆಯೇ ಅಲ್ಲಿ ಇರಲಿಲ್ಲ ಎನ್ನುವುದು ಹೆಚ್ಚು ಸರಿಯಾದ ಮಾತು. ಎರಡು ಶತಮಾನಗಳ ದೀರ್ಘಶಾಂತಿ, ಹಣಕೊಟ್ಟು ಸೇವೆಯಿಂದ ತಪ್ಪಿಸಿಕೊಳ್ಳುವ ಪದ್ಧತಿ, ಹೆಸರಿಗೆ ಮಾತ್ರ ಉಳಿದ ದಂಡಿನ ಪಟ್ಟಿ ಇವೆಲ್ಲವೂ ಅದಕ್ಕೆ ಕಾರಣ.

ಮರುವರ್ಷದ ನಿದರ್ಶನ ಇದನ್ನು ಪುಷ್ಟೀಕರಿಸುತ್ತದೆ. ೧೫೯೩ರ ಮಾರ್ಚ್ ತಿಂಗಳಿನಲ್ಲಿ ಹಾನ್ ನದಿಯ ದಂಡೆಯ ಹೇಂಗ್‌ಜು ಗುಡ್ಡದ ಮೇಲೆ ಕ್ವೊನ್ ಯುಲ್‌ನ ಸಣ್ಣ ಪಡೆ ಅನೇಕ ಪಟ್ಟು ದೊಡ್ಡದಾದ ಜಪಾನೀ ಸೇನೆಯ ದಾಳಿಗಳನ್ನು ಒಂದಾದಮೇಲೊಂದರಂತೆ ಹಿಮ್ಮೆಟ್ಟಿಸಿತು. ಮರದ ಬೇಲಿ, ಮಣ್ಣಿನ ಒಡ್ಡು, ಬಿಲ್ಲು, ಕಲ್ಲು, ಏಕಕಾಲದಲ್ಲಿ ಹಲವು ಬಾಣಗಳನ್ನೂ ಗುಂಡುಗಳನ್ನೂ ಎಸೆಯುವ ‘ಹ್ವಾಚಾ’ ಎಂಬ ಬಂಡಿ ಇವೇ ಅವರ ಸಾಧನಗಳು. ಇಲ್ಲಿಯೂ ಕಾಲಾಳುಗಳು ಕೊರಿಯದವರೇ; ಕಳೆದಿದ್ದುದು ಒಂದು ವರ್ಷಕ್ಕಿಂತ ಕಡಿಮೆ ಅವಧಿ. ಚುಂಗ್‌ಜುವಿನ ಕಾಲಾಳು ‘ಕಳಪೆ’ಯಾದರೆ ಹೇಂಗ್‌ಜುವಿನ ಕಾಲಾಳಿಗೆ ಯಾವ ದರ್ಜೆಯನ್ನು ಕೊಡಬೇಕು? ಒಂದೇ ಪಟ್ಟಿ ಎರಡಕ್ಕೂ ಅನ್ವಯಿಸಬೇಕಾದರೆ ದರ್ಜೆಯೆಂಬುದು ಜನಾಂಗದ ಗುಣವಲ್ಲ, ಸಂದರ್ಭದ ಗುಣ ಎಂದು ಒಪ್ಪಬೇಕಾಗುತ್ತದೆ. ಇದನ್ನು ಒಪ್ಪದ ಪಟ್ಟಿ, ಸೋತವರ ಮೇಲೆ ಹೊರಿಸಿದ ಹಳೆಯ ಅಪವಾದವನ್ನು ಅಂಕಿಯ ರೂಪದಲ್ಲಿ ಮುದ್ರಿಸಿದಂತಾಗುವುದು.

೫

ಯುದ್ಧದ ನಡುವಿನಲ್ಲಿಯೇ ಕೊರಿಯದ ಪದಾತಿ ಬುಡದಿಂದ ಬದಲಾಯಿತು. ೧೫೯೩ರ ಆದಿಯಲ್ಲಿ ಚೀನದ ಮಿಂಗ್ ಸೇನೆ ಪ್ಯೊಂಗ್‌ಯಾಂಗ್ ನಗರವನ್ನು ಜಪಾನೀಯರಿಂದ ಬಿಡಿಸಿತು. ಆ ಸೇನೆಯ ದಕ್ಷಿಣದೇಶೀಯ ದಳಗಳು ಚೀನದ ಸೇನಾನಿ ಚಿ ಜಿಗ್ವಾಂಗ್ ರೂಪಿಸಿದ ಕ್ರಮದಲ್ಲಿ ತರಬೇತಿ ಹೊಂದಿದ್ದವು. ಕಡಲುಗಳ್ಳರ ವಿರುದ್ಧ ಹೋರಾಡುವಾಗ ಪಡೆದ ಅನುಭವವನ್ನು ಅವನು ‘ಜಿ ಶಿಯಾವೊ ಶಿನ್ ಶು’ ಎಂಬ ಗ್ರಂಥದಲ್ಲಿ ನಿರೂಪಿಸಿದ್ದನು. ರಾಜ ಸೊಂಜೊ ಆ ಗ್ರಂಥವನ್ನು ತರಿಸಿ ಅಧ್ಯಯನ ಮಾಡಿಸಿದನು. ಅದೇ ವರ್ಷ ಯು ಸೊಂಗ್‌ನ್ಯೊಂಗನ ಪ್ರಯತ್ನದಿಂದ ‘ಹುಲ್ಯೊನ್ ದೊಗಾಮ್’ ಎಂಬ ತರಬೇತಿಯ ಸಂಸ್ಥೆ ಸ್ಥಾಪಿತವಾಗಿ, ಸಂಬಳ ಪಡೆಯುವ ಸ್ಥಿರಸೇನೆಯೊಂದು ಕೊರಿಯದಲ್ಲಿ ಹುಟ್ಟಿತು. ಅದು ೧೮೮೨ರವರೆಗೆ ಉಳಿದಿತ್ತು. ಅದರಲ್ಲಿ ಕೋವಿಯವರು, ಬಿಲ್ಲಾಳುಗಳು, ಕೈಮಿಲಾಯಿಸಿ ಹೋರಾಡುವವರು ಎಂಬ ಮೂರು ವಿಭಾಗಗಳು. ಪ್ರಾಂತಗಳಲ್ಲಿ ‘ಸೊಗೊ’ ಎಂಬ ಸೇನೆಯನ್ನು ಕಟ್ಟಿದರು. ರೈತರ ಜೊತೆಗೆ ದಾಸವರ್ಗದವರನ್ನೂ ಅದರಲ್ಲಿ ಸೇರಿಸಿಕೊಂಡರು. ಹಾನ್ ಕ್ಯೊ ಎಂಬ ಅಧಿಕಾರಿ ೧೫೯೮ರಲ್ಲಿ ಆರು ಆಯುಧಗಳ ಅಭ್ಯಾಸಕ್ರಮವನ್ನು ‘ಮುಯೆ ಜೆಬೊ’ ಎಂಬ ಚಿತ್ರಸಹಿತವಾದ ಪುಸ್ತಕದಲ್ಲಿ ಸಂಗ್ರಹಿಸಿದನು.

ಕೈಮಿಲಾಯಿಸುವವರ ಗುಂಪಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಚಿ ಜಿಗ್ವಾಂಗ್‌ನ ಮಾದರಿಯಲ್ಲಿ ಒಬ್ಬ ನಾಯಕ, ಅವನ ಹಿಂದೆ ಇಬ್ಬರು ಗುರಾಣಿಯವರು, ಇಬ್ಬರು ಕೊಂಬೆಗಳನ್ನು ಉಳಿಸಿಕೊಂಡ ಉದ್ದನೆಯ ಬಿದಿರಿನ ಆಯುಧವನ್ನು ಹಿಡಿದವರು, ನಾಲ್ವರು ನೀಳವಾದ ಈಟಿಯವರು, ಇಬ್ಬರು ತ್ರಿಶೂಲದವರು, ಕೊನೆಗೆ ಒಬ್ಬ ಅಡುಗೆಯವನು. ಬಿದಿರು ಶತ್ರುವಿನ ಕತ್ತಿಯನ್ನು ತೊಡಕಿಸಿ ಹಿಡಿಯುತ್ತದೆ. ಗುರಾಣಿ ಕೆಳಗಿನಿಂದ ಮರೆಯಾಗುತ್ತದೆ. ಈಟಿ ಆ ಸಂದಿನಿಂದ ತಿವಿಯುತ್ತದೆ. ಈಟಿ ಗುರಿತಪ್ಪಿದರೆ ತ್ರಿಶೂಲ ರಕ್ಷಿಸುತ್ತದೆ. ಜಿನ್‌ಬೊಪ್‌ನಲ್ಲಿ ಸಾಲುಸಾಲುಗಳ ನಡುವೆ ಇದ್ದ ಆಯುಧಗಳ ಮೈತ್ರಿ ಇಲ್ಲಿ ಹನ್ನೆರಡು ಮಂದಿಯ ಒಂದು ಗುಂಪಿನೊಳಕ್ಕೆ ಇಳಿದಿದೆ. ಸೊಗೊ ಸೇನೆಯಲ್ಲಿ ಇಂತಹ ಮೂರು ಗುಂಪುಗಳಿಗೆ ಒಂದು ‘ಗಿ’, ಮೂರು ಗಿಗಳಿಗೆ ಒಂದು ‘ಛೊ’, ಐದು ಛೊಗಳಿಗೆ ಒಂದು ‘ಸ’, ಐದು ಸಗಳಿಗೆ ಒಂದು ‘ಯೊಂಗ್’. ಎಂದರೆ ಒಂದು ಯೊಂಗ್‌ನಲ್ಲಿ ಇನ್ನೂರಿಪ್ಪತ್ತೈದು ಗುಂಪುಗಳು, ಸುಮಾರು ಎರಡೂವರೆ ಸಾವಿರ ಮಂದಿ.

ಈಗ ಪ್ರಮಾಣದ ಪ್ರಶ್ನೆ ಬರುತ್ತದೆ. ವಾರ್‌ಗೇಮ್ಸ್ ರಿಸರ್ಚ್ ಗ್ರೂಪಿನ ಹಳೆಯ ನಿಯಮಾವಳಿಗಳಲ್ಲಿ ಒಂದು ಬೊಂಬೆ ಇಪ್ಪತ್ತು ಮಂದಿಗೆ ಸಮ. ಈ ಲೆಕ್ಕದಲ್ಲಿ ಒಂದು ಯೊಂಗ್ ಸುಮಾರು ನೂರಿಪ್ಪತ್ತೈದು ಬೊಂಬೆಗಳಾಗಿ ಮೇಜಿನ ಮೇಲೆ ಚೆನ್ನಾಗಿಯೇ ಕಾಣುವುದು. ಛೊಗೆ ಐದು ಬೊಂಬೆಗಳು ಸಿಕ್ಕುವುವು. ಆದರೆ ಹನ್ನೆರಡು ಮಂದಿಯ ಗುಂಪಿಗೆ ಒಂದು ಬೊಂಬೆಯೂ ಪೂರ್ತಿಯಾಗಿ ದಕ್ಕುವುದಿಲ್ಲ. ಇದಕ್ಕೆ ಪ್ರತಿಯಾಗಿ, ಒಂದು ಬೊಂಬೆಗೆ ಒಬ್ಬನೇ ಸೈನಿಕನೆಂದು ಎಣಿಸುವ ಕಿರುಗಾಳಗದ ಆಟಗಳಲ್ಲಿ ಬಿದಿರಿನವನೂ ತ್ರಿಶೂಲದವನೂ ಸ್ಪಷ್ಟವಾಗಿ ಕಾಣುತ್ತಾರೆ. ಆದರೆ ಅಲ್ಲಿ ಸೇನೆಯೇ ಮಾಯವಾಗುತ್ತದೆ. ಸೊಗೊ ಸೇನೆಯ ಬಲವಿದ್ದುದು ಈ ಎರಡನ್ನೂ ಜೋಡಿಸುವ ಏಣಿಯಲ್ಲಿ, ಹನ್ನೆರಡರಿಂದ ಎರಡೂವರೆ ಸಾವಿರದವರೆಗೆ ಮುರಿಯದೆ ಏರುವ ಮೆಟ್ಟಿಲುಗಳಲ್ಲಿ. ಯಾವ ಒಂದು ಪ್ರಮಾಣದ ಆಟವೂ ಆ ಏಣಿಯನ್ನು ಪೂರ್ತಿಯಾಗಿ ತೋರಿಸಲಾರದು. ಇದು ಆಟದ ದೋಷವೆನ್ನುವುದಕ್ಕಿಂತ ಎಲ್ಲ ಬಗೆಯ ನಕ್ಷೆಗಳ ಸ್ವಭಾವ ಎನ್ನಬೇಕು: ಜಿಲ್ಲೆಯ ನಕ್ಷೆಯಲ್ಲಿ ಊರಿನ ಬೀದಿ ಕಾಣದು, ಊರಿನ ನಕ್ಷೆಯಲ್ಲಿ ಜಿಲ್ಲೆ ಕಾಣದು. ಆದರೆ ನಕ್ಷೆಯನ್ನು ಓದುವವನಿಗೆ ಅದರ ಪ್ರಮಾಣ ಮೊದಲೇ ತಿಳಿದಿರಬೇಕು.

೬

ಹದಿನೇಳನೆಯ ಶತಮಾನದಲ್ಲಿ ಕೊರಿಯದ ಪದಾತಿಯಲ್ಲಿ ಕೋವಿಯವರ ಪ್ರಮಾಣ 크ಮೇಣ ಹೆಚ್ಚಿತು. ೧೬೦೭ರ ಒಂದು ಕೊರಿಯನ್ ಕೈಪಿಡಿಯಲ್ಲಿ, ಶತ್ರು ನೂರು ಹೆಜ್ಜೆಯ ಅಂತರಕ್ಕೆ ಬಂದಾಗ ಕಹಳೆಯ ಸಂಜ್ಞೆಯನ್ನು ಅನುಸರಿಸಿ ಕೋವಿಯವರು ಎಲ್ಲರೂ ಒಮ್ಮೆಗೇ ಆಗಲಿ, ಐದು ಸರದಿಗಳಾಗಿ ಆಗಲಿ ಗುಂಡುಹಾರಿಸಬೇಕೆಂಬ ವಿಧಿಯಿದೆ. ಸರದಿಯ ಗುಂಡಿನ ಅಭ್ಯಾಸ ಯೂರೋಪಿನ ವಿಶಿಷ್ಟ ಸಾಧನೆ ಎಂದು ಬಹುಕಾಲ ನಂಬಿದ್ದವರಿಗೆ ಇದು ಮುಖ್ಯವಾದ ಆಧಾರ. ಹ್ಯೊಕ್ ಹ್ವೊನ್ ಕಾಂಗ್ ೨೦೧೩ರಲ್ಲಿ ಪ್ರಕಟಿಸಿದ ಲೇಖನವೂ, ಟೋನಿಯೊ ಆಂಡ್ರಾಡೆಯ ೨೦೧೬ರ ‘ದಿ ಗನ್‌ಪೌಡರ್ ಏಜ್’ ಎಂಬ ಗ್ರಂಥವೂ ಈ ವಿಷಯವನ್ನು ಇಂಗ್ಲಿಷ್ ಓದುಗರ ಗಮನಕ್ಕೆ ತಂದಿವೆ.

ಈ ಕೋವಿಯವರ ಇತಿಹಾಸದಲ್ಲಿ ಎರಡು ನಿದರ್ಶನಗಳನ್ನು ಎದುರುಬದುರಾಗಿ ಇರಿಸಬಹುದು. ೧೬೧೯ರಲ್ಲಿ ಮಿಂಗ್ ಸಾಮ್ರಾಟನ ಕೋರಿಕೆಯಂತೆ ಕಾಂಗ್ ಹೊಂಗ್‌ನಿಪ್‌ನ ನಾಯಕತ್ವದಲ್ಲಿ ಹದಿಮೂರು ಸಾವಿರ ಮಂದಿಯ ಕೊರಿಯನ್ ಸೇನೆ ಮಂಚೂರಿಯಕ್ಕೆ ಹೋಯಿತು. ಬಯಲಿನಲ್ಲಿ ಮಂಚು ರಾವುತರು ಎದುರಾದಾಗ ಕೋವಿಯವರು ಮೊದಲ ಗುಂಡುಗಳನ್ನು ಹಾರಿಸಿದರು. ಅಷ್ಟರಲ್ಲಿ ಬಿರುಗಾಳಿ ಎದ್ದು ಧೂಳು, ಹೊಗೆಗಳು ಮುಸುಕಿದುವು. ಮತ್ತೆ ಮದ್ದು ತುಂಬುವುದರೊಳಗಾಗಿ ಕುದುರೆಗಳು ಒಳನುಗ್ಗಿದುವು. ಕಿಮ್ ಉಂಗ್‌ಹಾ ಹೋರಾಡುತ್ತ ಮಡಿದನು. ಉಳಿದವರೊಡನೆ ಕಾಂಗ್ ಹೊಂಗ್‌ನಿಪ್ ಶರಣಾದನು. ಆದರೆ ೧೬೫೪ರಲ್ಲಿಯೂ ೧೬೫೮ರಲ್ಲಿಯೂ ಚಿಂಗ್ ಸೇನೆಗೆ ಸಹಾಯಕರಾಗಿ ಅಮೂರ್ ನದಿಯ ಪ್ರದೇಶಕ್ಕೆ ಹೋದ ಕೊರಿಯದ ಕೋವಿಯವರು ರಷ್ಯದ ಕೊಸಾಕರ ಮೇಲೆ ಜಯ ಗಳಿಸಿದರು. ಎರಡನೆಯ ದಂಡಯಾತ್ರೆಯಲ್ಲಿ ಇನ್ನೂರು ಮಂದಿ ಕೋವಿಯವರನ್ನು ನಡೆಯಿಸಿದ ಸಿನ್ ರ್ಯು ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಆ ಕಾಳಗದಲ್ಲಿ ಕೊಸಾಕರ ನಾಯಕ ಸ್ತೆಪಾನೊವ್ ಸತ್ತನು. ಕೊರಿಯದವರಲ್ಲಿ ಮಡಿದವರು ಎಂಟು ಮಂದಿ.

ಒಂದೇ ಪರಂಪರೆಯ ತರಬೇತಿ, ಒಂದೇ ಬಗೆಯ ಆಯುಧ. ಫಲ ಮಾತ್ರ ವಿರುದ್ಧವಾದುದು. ಒಂದು ಕಡೆ ತೆರೆದ ಬಯಲು, ವೇಗವಾಗಿ ಬರುವ ಕುದುರೆ, ಎದುರುಗಾಳಿ; ಇನ್ನೊಂದು ಕಡೆ ನದಿ, ಹಡಗುಗಳಲ್ಲಿ ಸಿಕ್ಕಿಬಿದ್ದ ಶತ್ರು, ಗುರಿಯಿಟ್ಟು ಹೊಡೆಯಲು ಬಿಡುವು. ಯುದ್ಧಕ್ರೀಡೆ ಇತಿಹಾಸದ ವಿದ್ಯಾರ್ಥಿಗೆ ನಿಜವಾಗಿ ಉಪಕಾರಿಯಾಗುವುದು ಇಲ್ಲಿಯೇ. ಒಂದು ಕಾರಣವನ್ನು ಮಾತ್ರ ಬದಲಿಸಿ, ಉಳಿದುದನ್ನು ಹಾಗೆಯೇ ಇಟ್ಟು ನೋಡುವ ಸೌಕರ್ಯ ಗ್ರಂಥದಲ್ಲಿಲ್ಲ, ಮೇಜಿನಲ್ಲಿದೆ. ಗಾಳಿಯನ್ನು ತೆಗೆದರೆ ೧೬೧೯ರ ಕೋವಿಯವರು ಉಳಿಯುವರೆ? ಗಾಳಿಯಿದ್ದೂ ಅವರ ಮುಂದೆ ಈಟಿಯವರ ಸಾಲೊಂದಿದ್ದರೆ? ಆಟದ ಫಲ ಇದಕ್ಕೆ ಪ್ರಮಾಣವಾಗಲಾರದು. ಆದರೆ ಸೋಲಿಗೆ ಗಾಳಿಯೊಂದೇ ಕಾರಣವೆಂದು ಹೇಳುವವನು, ಕುದುರೆ ಎಷ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿತು, ಕೋವಿಗೆ ಮದ್ದು ತುಂಬಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗಳನ್ನು ಎದುರಿಸಲೇಬೇಕಾಗುತ್ತದೆ. ಅಸ್ಪಷ್ಟವಾಗಿದ್ದ ವಾದ ಹೀಗೆ ಅಳತೆಗೆ ಸಿಕ್ಕುತ್ತದೆ.

೭

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕೊರಿಯದ ಪದಾತಿವ್ಯೂಹದ ಜೀವಾಳವಾದ ಆಯುಧಗಳ ಪರಸ್ಪರ ಆಶ್ರಯವನ್ನು ಒಂದು ಪೀಠಕ್ಕೆ ಒಂದೇ ವರ್ಗವೆಂಬ ಪದ್ಧತಿ ತೋರಿಸಲಾರದು. ಬೇರೆ ಬೇರೆ ಆಯುಧದ ಬೊಂಬೆಗಳನ್ನು ಒಂದೇ ಪೀಠದ ಮೇಲಿಟ್ಟು, ಆ ಪೀಠಕ್ಕೆ ದೂರದಿಂದ ಹೊಡೆಯುವ ಶಕ್ತಿಯನ್ನೂ ಕುದುರೆಯನ್ನು ತಡೆಯುವ ಶಕ್ತಿಯನ್ನೂ ಮಿತವಾಗಿ ಕೊಡುವ ಮಾರ್ಗ ಇದಕ್ಕಿಂತ ಮೇಲು. ಎರಡನೆಯದು, ೧೫೯೩ಕ್ಕೆ ಹಿಂದಿನ ಮತ್ತು ಮುಂದಿನ ಸೇನೆಗಳು ಒಂದೇ ವಂಶದ ಧ್ವಜದ ಕೆಳಗೆ ಇದ್ದರೂ ಒಂದೇ ಸೇನೆಯಲ್ಲ. ರಾಜವಂಶದ ಹೆಸರಿನ ಪಟ್ಟಿ ಈ ಭೇದವನ್ನು ಮುಚ್ಚಿಬಿಡುತ್ತದೆ. ಮೂರನೆಯದು, ದರ್ಜೆಯೆಂಬುದನ್ನು ಸೇನೆಗೆ ಶಾಶ್ವತವಾಗಿ ಅಂಟಿಸದೆ ಆಯಾ ಕಾಳಗಕ್ಕೆ ಕಟ್ಟಬೇಕು. ಜನ ಹೇಗೆ ಕೂಡಿದರು, ಒಡೆಯನು ಸಕಾಲಕ್ಕೆ ಬಂದನೆ, ಮುಂದೆ ಬೇಲಿಯಿತ್ತೆ ಎಂಬುದನ್ನು ಕೇಳದೆ ಕೊಟ್ಟ ಅಂಕಿ ಇತಿಹಾಸವಲ್ಲ.

ಇದಕ್ಕೆ ಎದುರಾಗಿ, ಕೈಪಿಡಿಯಲ್ಲಿರುವುದೆಲ್ಲವೂ ರಣರಂಗದಲ್ಲಿ ನಡೆಯಿತೆಂದು ನಂಬುವುದೂ ಅಷ್ಟೇ ಅಪಾಯಕಾರಿ. ಜಿನ್‌ಬೊಪ್‌ನ ನೂರು ತೊಂಗ್‌ಗಳು ಒಂದು ಆದರ್ಶ. ತೆಗುವಿನ ಬಳಿ ಚದುರಿದವರು ಒಂದು ವಾಸ್ತವ. ಆದರ್ಶವನ್ನು ನಂಬಿದ ಕರ್ತೃ ಸೇನೆಯನ್ನು ಮೇಲಕ್ಕೆತ್ತುವನು, ಒಂದು ಸೋಲನ್ನು ನಂಬಿದವನು ಕೆಳಕ್ಕೆ ತಳ್ಳುವನು. ಜೊಸೊನ್ ರಾಜ್ಯದ ರಾಜವೃತ್ತಾಂತಗಳು ಈಗ ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುತ್ತಿರುವುದರಿಂದ, ಕೈಪಿಡಿಯ ಮಾತನ್ನು ಆಡಳಿತದ ದಾಖಲೆಗಳೊಡನೆ ಒರೆಹಚ್ಚಿ ನೋಡುವುದು ಹಿಂದಿಗಿಂತ ಸುಲಭವಾಗಿದೆ.

ನಮ್ಮ ಕಾಲೇಜುಗಳ ಇತಿಹಾಸದ ತರಗತಿಗಳಲ್ಲಿಯೂ ಇಂತಹ ಪ್ರಯೋಗವನ್ನು ಮಾಡಬಹುದು. ಅದಕ್ಕೆ ಲೋಹದ ಬೊಂಬೆಗಳು ಬೇಕಿಲ್ಲ. ರಟ್ಟಿನ ತುಂಡುಗಳು, ಒಂದು ನಕ್ಷೆ, ಒಂದು ದಾಳ ಸಾಕು. ಚುಂಗ್‌ಜುವಿನ ಕಾಳಗವನ್ನು ಒಮ್ಮೆ ಗದ್ದೆಯ ಬಯಲಿನಲ್ಲಿಯೂ ಇನ್ನೊಮ್ಮೆ ಕಣಿವೆಯ ಬಾಯಲ್ಲಿಯೂ ಆಡಿಸಿ, ಎರಡರಲ್ಲಿಯೂ ಕಾಲಾಳಿಗೆ ಒಂದೇ ದರ್ಜೆಯನ್ನು ಕೊಟ್ಟು ನೋಡಲಿ. ಆಟ ಮುಗಿದ ಮೇಲೆ, ಗೆದ್ದವರು ಯಾರು ಎಂಬುದಕ್ಕಿಂತ ಮೊದಲು ವಿದ್ಯಾರ್ಥಿಗಳನ್ನು ಕೇಳಬೇಕಾದ ಪ್ರಶ್ನೆ ಇದು: ಈ ತುಂಡಿನ ಮೇಲೆ ಬರೆದ ಅಂಕಿಯನ್ನು ಯಾವ ಆಧಾರದಿಂದ ಬರೆದಿರಿ?